ನಿರ್ಬಂಧಿತ ವಾಯುಪ್ರದೇಶಕ್ಕೆ ಅಪ್ಪಿತಪ್ಪಿಯೂ ನುಗ್ಗದಿರಲು: ಖಾಸಗಿ ಪೈಲಟ್‌ಗಳಿಗೆ ಹಂತ ಹಂತದ ಮಾರ್ಗದರ್ಶಿ

ಸಣ್ಣ ವಿಮಾನ ಹಾರಿಸುವವರು ನಿರ್ಬಂಧಿತ ವಲಯದೊಳಗೆ ಹೋಗಿಬಿಡುವುದು ಅನೇಕ ಸಲ ಆ ವಲಯ ಅಲ್ಲಿದೆ ಎಂಬುದು ಗೊತ್ತಿದ್ದೂ ಆಗುತ್ತದೆ. ಚಾರ್ಟ್‌ನಲ್ಲಿ ಅದನ್ನು ನೋಡಿರುತ್ತಾರೆ, ಅಂಚಿನಿಂದ ಅರ್ಧ ಮೈಲಿ ಈಚೆಗೆ ಗೆರೆಯನ್ನೂ ಎಳೆದಿರುತ್ತಾರೆ. ಮೇಲೆ ಹೋದಮೇಲೆ ಗಾಳಿ ಬದಲಾಗುತ್ತದೆ, ಎದುರಿಗೆ ಮೋಡ ಬರುತ್ತದೆ, ಪಕ್ಕದಲ್ಲಿ ಕೂತವರು ಏನೋ ಕೇಳುತ್ತಾರೆ. ಅಷ್ಟರಲ್ಲಿ ಆ ಅರ್ಧ ಮೈಲಿ ಮುಗಿದಿರುತ್ತದೆ. ಆದ್ದರಿಂದ ಇಲ್ಲಿ ಹೇಳುವುದರಲ್ಲಿ ಬಹುಪಾಲು ಎಂಜಿನ್ ಶುರು ಮಾಡುವ ಮೊದಲೇ, ಮೇಜಿನ ಮುಂದೆ ಕೂತು ಮಾಡಬೇಕಾದ ಕೆಲಸ.

ಮೊದಲು ವಲಯ ಯಾವ ಬಗೆಯದು ಎಂದು ಗುರುತಿಸಿ

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮಗಳಲ್ಲಿ ಮೂರು ಬಗೆಯ ವಲಯಗಳಿವೆ. ಪಿ ಅಕ್ಷರದ್ದು ನಿಷೇಧಿತ ವಲಯ: ಅಲ್ಲಿ ಹಾರಾಟವೇ ಇಲ್ಲ. ಆರ್ ಅಕ್ಷರದ್ದು ನಿರ್ಬಂಧಿತ ವಲಯ: ಷರತ್ತು ಪೂರೈಸಿದರೆ ಮಾತ್ರ ಪ್ರವೇಶ, ಸಾಮಾನ್ಯವಾಗಿ ಅದನ್ನು ನೋಡಿಕೊಳ್ಳುವ ಘಟಕದ ಅನುಮತಿ ಬೇಕು. ಡಿ ಅಕ್ಷರದ್ದು ಅಪಾಯ ವಲಯ: ನಿಗದಿತ ಸಮಯದಲ್ಲಿ ಗುಂಡಿನ ಅಭ್ಯಾಸ, ಕ್ಷಿಪಣಿ ಪರೀಕ್ಷೆಯಂಥ ಚಟುವಟಿಕೆ ನಡೆಯಬಹುದು. ಡಿ ವಲಯಕ್ಕೆ ಹೋಗುವುದು ಎಲ್ಲ ಕಡೆಯೂ ಕಾನೂನುಬಾಹಿರವಲ್ಲ. ಆದರೆ ಕೆಲವು ದೇಶಗಳಲ್ಲಿ ಅದಕ್ಕೂ ಕಾನೂನಿನ ನಿಷೇಧ ಇರುತ್ತದೆ, ಮತ್ತು ಫಿರಂಗಿಯ ಗುಂಡು ಕಾನೂನು ಕೇಳಿ ಹಾರುವುದಿಲ್ಲ. ಅದನ್ನೂ ಆರ್ ವಲಯದಂತೆಯೇ ಕಾಣುವುದು ಒಳ್ಳೆಯದು.

ಇವುಗಳ ಜೊತೆಗೆ ದೇಶದಿಂದ ದೇಶಕ್ಕೆ ಬೇರೆ ಹೆಸರಿನ ವಲಯಗಳೂ ಇವೆ. ಅಮೆರಿಕದಲ್ಲಿ ಮಿಲಿಟರಿ ಆಪರೇಷನ್ಸ್ ಏರಿಯಾ, ವಾರ್ನಿಂಗ್ ಏರಿಯಾ, ಅಲರ್ಟ್ ಏರಿಯಾ ಎಂಬವು ಸಿಗುತ್ತವೆ. ವಾಷಿಂಗ್ಟನ್ ಸುತ್ತ 30 ನಾಟಿಕಲ್ ಮೈಲಿ ತ್ರಿಜ್ಯದ ವಿಶೇಷ ವಲಯಕ್ಕೆ ಪ್ರತ್ಯೇಕ ನಿಯಮಗಳೇ ಇವೆ. ಹೊಸ ದೇಶದಲ್ಲಿ ಹಾರುವಾಗ ಆ ದೇಶದ ಎಐಪಿಯಲ್ಲಿ (ವಿಮಾನಯಾನದ ಅಧಿಕೃತ ಮಾಹಿತಿ ಪುಸ್ತಕ) ಇಎನ್‌ಆರ್ 5.1 ಭಾಗವನ್ನು ಓದಿ. ಪಿ, ಆರ್, ಡಿ ವಲಯಗಳ ಗಡಿ, ಎತ್ತರ, ಸಮಯ ಎಲ್ಲ ಅಲ್ಲಿರುತ್ತವೆ.

ಚಾರ್ಟ್ ಹಳೆಯದಾಗಿರಬಾರದು. ವಾಯುಪ್ರದೇಶದ ಬದಲಾವಣೆಗಳು ಏರಾಕ್ ಎಂಬ 28 ದಿನಗಳ ಪ್ರಕಟಣಾ ಚಕ್ರದಲ್ಲಿ ಜಾರಿಗೆ ಬರುತ್ತವೆ. ಕಾಗದದ ಚಾರ್ಟ್ ಇಷ್ಟು ಬೇಗ ಬೇಗ ಅಚ್ಚಾಗುವುದಿಲ್ಲವಾದ್ದರಿಂದ ಅದರ ಮೇಲಿನ ತಿದ್ದುಪಡಿಗಳನ್ನು ನೀವೇ ಪೆನ್ಸಿಲ್‌ನಲ್ಲಿ ಗುರುತಿಸಿಕೊಳ್ಳಬೇಕು. ವಿಮಾನದ ಪ್ಯಾನಲ್‌ನಲ್ಲಿರುವ ಜಿಪಿಎಸ್‌ನ ಡೇಟಾಬೇಸ್ ತಾರೀಕನ್ನು ಬಾಡಿಗೆ ವಿಮಾನದಲ್ಲಂತೂ ಪ್ರತಿ ಸಲ ನೋಡಿ. ಆನ್ ಮಾಡಿದಾಗ ಮೊದಲು ಬರುವ ಪರದೆಯಲ್ಲೇ ಅದು ಕಾಣುತ್ತದೆ. ಎಷ್ಟೋ ಜನ ಅದನ್ನು ಓದದೆ ಎಂಟರ್ ಒತ್ತಿಬಿಡುತ್ತಾರೆ.

ಗೆರೆ ಎಳೆಯುವಾಗಲೇ ಅಂತರ ಬಿಡಿ

1:5,00,000 ಪ್ರಮಾಣದ ಚಾರ್ಟ್‌ನಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 500 ಮೀಟರ್. ದಪ್ಪ ಮಾರ್ಕರ್ ಪೆನ್ನಿನ 2 ಮಿಲಿಮೀಟರ್ ಗೆರೆಯೊಂದೇ ಒಂದು ಕಿಲೋಮೀಟರ್ ಅಗಲ, ಅಂದರೆ ಅರ್ಧ ನಾಟಿಕಲ್ ಮೈಲಿಗಿಂತ ಹೆಚ್ಚು. ಚಾರ್ಟ್‌ನಲ್ಲಿ ವಲಯದ ಅಂಚಿಗೂ ಗೆರೆಗೂ ನಡುವೆ ಬಿಳಿ ಜಾಗ ಸ್ವಲ್ಪ ಕಾಣುತ್ತಿದೆ ಎಂದ ಮಾತ್ರಕ್ಕೆ ಆಕಾಶದಲ್ಲಿ ಜಾಗ ಇದೆ ಎಂದಲ್ಲ.

ಬ್ರಿಟನ್‌ನಲ್ಲಿ ಪೈಲಟ್‌ಗಳಿಗೆ ಹೇಳಿಕೊಡುವ 'ಟೇಕ್ ಟೂ' ಎಂಬ ಸಲಹೆ ಎಲ್ಲಿ ಹಾರುವವರಿಗೂ ಉಪಯುಕ್ತ: ಪಕ್ಕದಲ್ಲಿ 2 ನಾಟಿಕಲ್ ಮೈಲಿ, ಎತ್ತರದಲ್ಲಿ 200 ಅಡಿ ಬಿಡಿ. ಜಿಪಿಎಸ್ ನೋಡಿ ಹಾರುವಾಗ ಇದನ್ನು ಕನಿಷ್ಠ ಎಂದು ಇಟ್ಟುಕೊಳ್ಳಿ. ಕಾಗದದ ಚಾರ್ಟ್, ದಿಕ್ಸೂಚಿ, ಗಡಿಯಾರ ಮಾತ್ರ ನಂಬಿ ಹಾರುವಾಗ 5 ನಾಟಿಕಲ್ ಮೈಲಿ ಬಿಡುವುದು ಉತ್ತಮ. ಕಾರಣವನ್ನು ಲೆಕ್ಕವೇ ಹೇಳುತ್ತದೆ. ನಿಮ್ಮ ವೇಗ 100 ನಾಟ್ (ಗಂಟೆಗೆ 100 ನಾಟಿಕಲ್ ಮೈಲಿ), ಮುನ್ಸೂಚನೆಯಲ್ಲಿ ಇಲ್ಲದ 20 ನಾಟ್ ಅಡ್ಡಗಾಳಿ ಬಂತು ಎಂದುಕೊಳ್ಳಿ. ಹೆಡಿಂಗ್ (ವಿಮಾನದ ಮೂಗು ತೋರುವ ದಿಕ್ಕು) ಸರಿಪಡಿಸದೆ 15 ನಿಮಿಷ ಹಾರಿದರೆ ವಿಮಾನ 5 ನಾಟಿಕಲ್ ಮೈಲಿ ಪಕ್ಕಕ್ಕೆ ಸರಿದಿರುತ್ತದೆ. ಗಾಳಿಯೇ ಇಲ್ಲದಿದ್ದರೂ ಹೆಡಿಂಗ್‌ನ ತಪ್ಪು ಸಾಕು: 60 ಮೈಲಿಗೆ ಒಂದು ಡಿಗ್ರಿ ತಪ್ಪಿದರೆ ಒಂದು ಮೈಲಿ ಎಂಬ ಹಳೆಯ ಲೆಕ್ಕದ ಪ್ರಕಾರ, 10 ಡಿಗ್ರಿ ತಪ್ಪಿಟ್ಟುಕೊಂಡು 30 ಮೈಲಿ ಹೋದರೂ ಅಷ್ಟೇ 5 ಮೈಲಿ. ಗೈರೋದಿಂದ ನಡೆಯುವ ಹೆಡಿಂಗ್ ಇಂಡಿಕೇಟರ್ ತಾನಾಗಿಯೇ ಸರಿಯುತ್ತಾ ಹೋಗುವುದರಿಂದ 10 ಡಿಗ್ರಿ ತಪ್ಪು ದೊಡ್ಡ ಮಾತೇನಲ್ಲ.

ರೂಟಿನ ತಿರುವುಗಳನ್ನು ಆರಿಸುವಾಗ ಒಂದು ಅಭ್ಯಾಸ ಬೆಳೆಸಿಕೊಳ್ಳಿ. ವಲಯದ ಮೂಲೆಯ ಬಳಿ ತಿರುವು ಬರುವುದಾದರೆ, ಕಣ್ಣಿಗೆ ಖಚಿತವಾಗಿ ಕಾಣುವ ಗುರುತಿನ ಮೇಲೆಯೇ ಅದನ್ನು ಇಡಿ: ನದಿಗೆ ಅಡ್ಡಲಾಗಿರುವ ಸೇತುವೆ, ರೈಲುಹಳಿ ಕವಲೊಡೆಯುವ ಜಾಗ, ಕೆರೆಯ ಕಟ್ಟೆ. ಒಂದೇ ತರಹದ ನಾಲ್ಕು ಹಳ್ಳಿಗಳ ನಡುವೆ ಒಂದು ಹಳ್ಳಿಯನ್ನು ತಿರುವಾಗಿ ಇಟ್ಟುಕೊಂಡರೆ ಮಬ್ಬಿನಲ್ಲಿ ಅದು ಯಾವುದೆಂದೇ ತಿಳಿಯುವುದಿಲ್ಲ. ಇನ್ನೊಂದು ಮಾತು: ಜಿಪಿಎಸ್‌ನಲ್ಲಿ 'ಡೈರೆಕ್ಟ್ ಟು' ಗುಂಡಿ ಒತ್ತಿದ ಕ್ಷಣ ನೀವು ಜಾಗ್ರತೆಯಿಂದ ಸುತ್ತುಬಳಸಿ ಹಾಕಿದ ರೂಟ್ ಬದಿಗೆ ಸರಿದು, ಇರುವ ಜಾಗದಿಂದ ನೇರ ಗೆರೆ ಬೀಳುತ್ತದೆ. ನೀವು ತಪ್ಪಿಸಿಕೊಳ್ಳಬೇಕೆಂದಿದ್ದ ವಲಯದ ನಟ್ಟನಡುವೆಯೇ ಆ ಗೆರೆ ಹಾದುಹೋಗಬಹುದು. ಗುಂಡಿ ಒತ್ತಿದ ಮೇಲೆ ಹೊಸ ಗೆರೆಯನ್ನು ಕೊನೆಯವರೆಗೂ ನಕ್ಷೆಯ ಮೇಲೆ ನೋಡಿಯೇ ಹೆಡಿಂಗ್ ಬದಲಿಸಿ.

ಎತ್ತರದ ಲೆಕ್ಕ

ಪಕ್ಕದ ಗಡಿಯನ್ನು ಕಾಯುವವರು ಕೂಡ ಮೇಲಿನ ಗಡಿಯಲ್ಲಿ ಎಡವುತ್ತಾರೆ. ವಲಯದ ತಳ ಮತ್ತು ತುದಿಯನ್ನು ಬೇರೆ ಬೇರೆ ಅಳತೆಯಲ್ಲಿ ಬರೆದಿರುವುದೇ ಇದಕ್ಕೆ ಕಾರಣ. ಎಎಂಎಸ್‌ಎಲ್ ಎಂದರೆ ಸಮುದ್ರಮಟ್ಟದಿಂದ, ಎಜಿಎಲ್ ಎಂದರೆ ಕೆಳಗಿರುವ ನೆಲದಿಂದ, ಎಫ್‌ಎಲ್ ಎಂದರೆ ಆಲ್ಟಿಮೀಟರ್‌ನಲ್ಲಿ 1013.25 ಹೆಕ್ಟೊಪಾಸ್ಕಲ್ ಇಟ್ಟಾಗ ತೋರುವ ಫ್ಲೈಟ್ ಲೆವೆಲ್. ಎಸ್‌ಎಫ್‌ಸಿ ಅಥವಾ ಜಿಎನ್‌ಡಿ ಎಂದಿದ್ದರೆ ನೆಲದಿಂದಲೇ ಶುರು, ಯುಎನ್‌ಎಲ್ ಎಂದಿದ್ದರೆ ಮೇಲೆ ಮಿತಿಯೇ ಇಲ್ಲ.

ಒಂದು ವಲಯದ ತಳ ಎಫ್‌ಎಲ್ 55, ಅಂದರೆ 5,500 ಅಡಿ, ಎಂದಿದೆ. ಅದರ ಕೆಳಗೆ 5,000 ಅಡಿಯಲ್ಲಿ ಹೋದರೆ 500 ಅಡಿ ಅಂತರ ಸಿಕ್ಕಿತು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಅಂದು ಸಮುದ್ರಮಟ್ಟಕ್ಕೆ ಲೆಕ್ಕಹಾಕಿದ ಸ್ಥಳೀಯ ಗಾಳಿಯೊತ್ತಡ, ಅಂದರೆ ಕ್ಯೂಎನ್‌ಎಚ್ 993 ಇದೆ. 1013ಕ್ಕೂ 993ಕ್ಕೂ 20 ಹೆಕ್ಟೊಪಾಸ್ಕಲ್ ವ್ಯತ್ಯಾಸ, ಒಂದೊಂದಕ್ಕೆ ಸುಮಾರು 27 ಅಡಿ, ಒಟ್ಟು 540 ಅಡಿ. ಆ ದಿನ ವಲಯದ ತಳ ಇರುವುದು 4,960 ಅಡಿಗೆ. 5,000 ಅಡಿಯಲ್ಲಿ ಹಾರುವವರು ಆಗಲೇ ಒಳಗಿದ್ದಾರೆ. ಒತ್ತಡ ಕಡಿಮೆಯಿರುವ ದಿನ ಫ್ಲೈಟ್ ಲೆವೆಲ್‌ನಲ್ಲಿ ಹೇಳಿದ ತಳ ಕೆಳಕ್ಕೆ ಇಳಿಯುತ್ತದೆ ಎಂಬುದನ್ನು ನೆನಪಿಡಿ, ಹಾರುವ ದಿನದ ಕ್ಯೂಎನ್‌ಎಚ್ ಹಾಕಿ ಲೆಕ್ಕ ಮಾಡಿ ಪ್ಲಾನ್ ಹಾಳೆಯಲ್ಲಿ ಬರೆದಿಡಿ.

ಆಲ್ಟಿಮೀಟರ್ ಸೆಟ್ಟಿಂಗ್ ಬದಲಿಸಲು ಮರೆತರೂ ಇದೇ ಕಥೆ. 1003 ಇಟ್ಟುಕೊಂಡು ಹೊರಟು 1013 ಇರುವ ಪ್ರದೇಶ ತಲುಪಿದಿರಿ ಎನ್ನಿ. ಆಲ್ಟಿಮೀಟರ್ 2,300 ಎನ್ನುತ್ತಿದ್ದರೂ ನೀವು ಇರುವುದು 2,570ರ ಹತ್ತಿರ. 2,500ರಲ್ಲಿ ಶುರುವಾಗುವ ವಲಯದ ಅಡಿಯಲ್ಲಿ 200 ಅಡಿ ಬಿಟ್ಟಿದ್ದೇನೆ ಎಂದುಕೊಂಡೇ ಅದರೊಳಗೆ ಇರುತ್ತೀರಿ. ಹೆಚ್ಚು ಒತ್ತಡದಿಂದ ಕಡಿಮೆ ಒತ್ತಡದ ಕಡೆ ಹೋಗುವಾಗ ನೆಲ ಹತ್ತಿರವಾಗುವ ಅಪಾಯವನ್ನು ತರಬೇತಿಯಲ್ಲಿ ಎಲ್ಲರೂ ಕಲಿತಿರುತ್ತಾರೆ. ಕಡಿಮೆಯಿಂದ ಹೆಚ್ಚಿನ ಕಡೆಗೆ ಹೋದಾಗ ಛಾವಣಿ ಹತ್ತಿರವಾಗುತ್ತದೆ ಎಂಬುದಕ್ಕೆ ಅಷ್ಟು ಗಮನ ಸಿಗುವುದಿಲ್ಲ. ಟ್ರಾನ್ಸ್‌ಪಾಂಡರ್ (ರೇಡಾರ್‌ಗೆ ವಿಮಾನದ ಗುರುತು, ಎತ್ತರ ಕಳಿಸುವ ಸಾಧನ) ನಿಮ್ಮ ಸೆಟ್ಟಿಂಗ್ ಏನೇ ಇರಲಿ 1013.25ರ ಆಧಾರದ ಎತ್ತರವನ್ನೇ ಕಳಿಸುತ್ತದೆ, ನಿಯಂತ್ರಕರ ಪರದೆಯಲ್ಲಿ ಅದಕ್ಕೆ ಸರಿಯಾದ ಕ್ಯೂಎನ್‌ಎಚ್ ಸೇರುತ್ತದೆ. ಹಾಗಾಗಿ ನಿಮ್ಮ ಆಲ್ಟಿಮೀಟರ್ ತಪ್ಪಿದ್ದರೂ ಅವರಿಗೆ ಕಾಣುವುದು ನಿಮ್ಮ ನಿಜವಾದ ಎತ್ತರವೇ.

ಬಿಸಿಲಿನ ಮಧ್ಯಾಹ್ನಗಳಲ್ಲಿ 200 ಅಡಿಯೂ ಸಾಲದು. ನಿಮಿಷಕ್ಕೆ 500 ಅಡಿ ಎತ್ತುವ ಬಿಸಿಗಾಳಿಗೆ ಸಿಕ್ಕಿದರೆ 200 ಅಡಿ ಮುಗಿಯಲು 24 ಸೆಕೆಂಡು ಸಾಕು, ಚಾರ್ಟ್ ಮಡಚುವಷ್ಟು ಹೊತ್ತು. ಅಂಥ ದಿನ 500 ಅಡಿ ಬಿಡಿ. ನೆಲಕ್ಕೆ ತೀರಾ ಹತ್ತಿರವಾಗುವುದಾದರೆ ವಲಯವನ್ನೇ ಸುತ್ತಿ ಹೋಗಿ.

ನೋಟಮ್ ಓದುವ ಬಗೆ

ಕ್ರೀಡಾಕೂಟ, ಗಣ್ಯರ ಭೇಟಿ, ಕಾಡ್ಗಿಚ್ಚು, ಏರ್ ಶೋ, ಸೇನಾ ಅಭ್ಯಾಸ ಇವುಗಳಿಗಾಗಿ ಹಾಕುವ ತಾತ್ಕಾಲಿಕ ನಿರ್ಬಂಧಗಳು ಅಚ್ಚಾದ ಚಾರ್ಟ್‌ನಲ್ಲಿ ಇರುವುದೇ ಇಲ್ಲ. ಅವು ನೋಟಮ್ ಎಂಬ, ಪೈಲಟ್‌ಗಳಿಗಾಗಿ ಹೊರಡಿಸುವ ಸೂಚನೆಗಳಲ್ಲಿ ಬರುತ್ತವೆ. ಅಮೆರಿಕದಲ್ಲಿ ಅಧ್ಯಕ್ಷರು ಹೋದಲ್ಲೆಲ್ಲ ಸಾಮಾನ್ಯವಾಗಿ 30 ನಾಟಿಕಲ್ ಮೈಲಿ ತ್ರಿಜ್ಯದ ನಿರ್ಬಂಧ ಬರುತ್ತದೆ, ಅದರ ಒಳಗಿನ 10 ಮೈಲಿ ಇನ್ನೂ ಬಿಗಿ. ನಿನ್ನೆ ಹಾರಿದ ರೂಟ್ ಇಂದು ಮುಚ್ಚಿರಬಹುದು. ಕಾಡ್ಗಿಚ್ಚಿನ ನಿರ್ಬಂಧ ಮುರಿದರೆ ನೀರು ಸುರಿಯುವ ವಿಮಾನಗಳು ಕೆಲಸ ನಿಲ್ಲಿಸಿ ದೂರ ಹೋಗಬೇಕಾಗುತ್ತದೆ, ಕೆಳಗೆ ಬೆಂಕಿ ಹರಡುತ್ತಲೇ ಇರುತ್ತದೆ.

ನೋಟಮ್‌ನ ಕ್ಯೂ ಸಾಲಿನಲ್ಲಿ ಐದಕ್ಷರದ ಸಂಕೇತವನ್ನು ಮೊದಲು ಹುಡುಕಿ. ಕ್ಯೂಆರ್ ಎಂದು ಶುರುವಾದರೆ ಅದು ವಾಯುಪ್ರದೇಶದ ನಿರ್ಬಂಧಕ್ಕೆ ಸಂಬಂಧಿಸಿದ್ದು: ಕ್ಯೂಆರ್‌ಟಿಸಿಎ ತಾತ್ಕಾಲಿಕ ನಿರ್ಬಂಧ ಜಾರಿ, ಕ್ಯೂಆರ್‌ಆರ್‌ಸಿಎ ನಿರ್ಬಂಧಿತ ವಲಯ ಸಕ್ರಿಯ, ಕ್ಯೂಆರ್‌ಡಿಸಿಎ ಅಪಾಯ ವಲಯ ಸಕ್ರಿಯ. ಅದೇ ಸಾಲಿನ ಕೊನೆಯಲ್ಲಿರುವ ಅಕ್ಷಾಂಶ, ರೇಖಾಂಶ ಮತ್ತು ಮೂರಂಕಿಯ ತ್ರಿಜ್ಯ ಇಡೀ ಪ್ರದೇಶವನ್ನು ಒಳಗೊಳ್ಳುವ ಒಂದು ಅಂದಾಜು ವೃತ್ತ, ಹುಡುಕಾಟಕ್ಕೆ ಮಾತ್ರ. ನಿಜವಾದ ಗಡಿ ಇ ಸಾಲಿನಲ್ಲಿದೆ, ತಳ ಎಫ್ ಸಾಲಿನಲ್ಲಿ, ತುದಿ ಜಿ ಸಾಲಿನಲ್ಲಿ. ಇ ಸಾಲಿನ ಮೂಲೆಗಳನ್ನು ಚಾರ್ಟ್ ಮೇಲೆ ಕೈಯಾರೆ ಗುರುತಿಸಿ ಜೋಡಿಸಿ. ಆ್ಯಪ್ ತಾನೇ ಬರೆದ ಚಿತ್ರ ಇದ್ದರೂ, ರೂಟ್‌ಗೆ ಹತ್ತಿರದ ನೋಟಮ್‌ಗಳಿಗೆ ಈ ಕೆಲಸ ಮಾಡಿ. ಪಠ್ಯದಲ್ಲಿ ಮಾತ್ರ ಇರುವ ಕೆಲವು ಗಡಿಗಳು ಪರದೆಯ ಮೇಲೆ ಮೂಡದೇ ಹೋಗುತ್ತವೆ.

ಸಮಯದಲ್ಲಿ ತಪ್ಪುವುದು ಬಲು ಸುಲಭ. ಬಿ ಸಾಲಿನಲ್ಲಿ 2503142200, ಸಿ ಸಾಲಿನಲ್ಲಿ 2503150400 ಎಂದಿದ್ದರೆ 2025ರ ಮಾರ್ಚ್ 14ರ ರಾತ್ರಿ 10ರಿಂದ ಮಾರ್ಚ್ 15ರ ಬೆಳಗಿನ 4ರವರೆಗೆ, ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಲೆಕ್ಕದಲ್ಲಿ. ಯುಟಿಸಿಗಿಂತ ಐದೂವರೆ ಗಂಟೆ ಮುಂದಿರುವ ಕಡೆ ಅದು 15ರ ಬೆಳಗಿನ ಜಾವ 3.30ರಿಂದ 9.30. '14ರ ರಾತ್ರಿಯದು, ನಾನು ಹೋಗುವುದು 15ರ ಬೆಳಿಗ್ಗೆ 8ಕ್ಕೆ' ಎಂದು ಬಿಟ್ಟುಬಿಟ್ಟರೆ ಸರಿಯಾಗಿ ಅದರ ನಡುವೆ ಹೋಗಿ ಬೀಳುತ್ತೀರಿ. ಡಿ ಸಾಲು ಇದ್ದರೆ ಬಿ ಮತ್ತು ಸಿ ನಡುವಿನ ದಿನಗಳಲ್ಲಿ ಯಾವ ಯಾವ ಹೊತ್ತು ಎಂಬುದು ಅಲ್ಲಿರುತ್ತದೆ. ಸಿ ಸಾಲಿನ ಕೊನೆಗೆ ಇಎಸ್‌ಟಿ ಎಂದಿದ್ದರೆ ಆ ವೇಳೆ ಬರೀ ಅಂದಾಜು. ಇನ್ನೊಂದು ನೋಟಮ್ ಬಂದು ಬದಲಿಸುವವರೆಗೆ ಅಥವಾ ರದ್ದು ಮಾಡುವವರೆಗೆ ಅದು ಜಾರಿಯಲ್ಲೇ ಇರುತ್ತದೆ.

ಹಿಂದಿನ ರಾತ್ರಿ ಒಮ್ಮೆ ಓದಿ, ಹೊರಡುವ ಒಂದು ಗಂಟೆಯೊಳಗೆ ಇನ್ನೊಮ್ಮೆ ಓದಿ. ರೂಟ್‌ನ ಎರಡೂ ಬದಿಗೆ ಕನಿಷ್ಠ 25 ಮೈಲಿ, ಪರ್ಯಾಯ ವಿಮಾನನಿಲ್ದಾಣಗಳ ಸುತ್ತಮುತ್ತ, ವಾಪಸ್ ಬರುವ ದಾರಿ ಎಲ್ಲ ಸೇರಲಿ. ಮಧ್ಯಾಹ್ನದ ವಾಪಸಾತಿಗೆ ಬೆಳಗಿನ ನೋಟಮ್ ನೆಚ್ಚಿಕೊಳ್ಳಬೇಡಿ.

ಹವಾಮಾನ ಕೆಟ್ಟರೆ ಯಾವ ಕಡೆ ತಿರುಗುವುದು

ವಲಯದ ಪಕ್ಕದಲ್ಲಿ ಹಾದುಹೋಗುವ ಪ್ರತಿ ತುಂಡಿಗೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಎದುರಿಗೆ ಮೋಡ ಕವಿದರೆ ಯಾವ ಕಡೆಗೆ ತಿರುಗುತ್ತೇನೆ? ಎಡಕ್ಕೆ ಗುಡ್ಡ, ಬಲಕ್ಕೆ ಆರ್ ವಲಯ, ಮೇಲೆ ಮೋಡ ಎಂದಾದರೆ ಉಳಿಯುವುದು ಹಿಂದಿರುಗುವ ದಾರಿ ಒಂದೇ. ಹಾಗಿದ್ದಲ್ಲಿ ಆ ತುಂಡಿಗೆ ಹೋಗುವ ಮೊದಲೇ ಒಂದು ಗುರುತು ಇಟ್ಟುಕೊಳ್ಳಿ, 'ಈ ಸೇತುವೆ ತಲುಪುವಾಗ ಮುಂದಿನ ಗುಡ್ಡ ಸ್ಪಷ್ಟ ಕಾಣದಿದ್ದರೆ ವಾಪಸ್' ಎಂದು. ಬರೆದಿಟ್ಟ ನಿರ್ಧಾರ ಮೇಲೆ ಹೋದಾಗ ಸುಲಭವಾಗಿ ಸಡಿಲವಾಗುವುದಿಲ್ಲ.

ಟ್ಯಾಬ್ಲೆಟ್ ಸಿದ್ಧ ಮಾಡುವುದು

ಫೋರ್‌ಫ್ಲೈಟ್, ಸ್ಕೈಡೆಮನ್‌ನಂಥ ಆ್ಯಪ್‌ಗಳು ಈ ಕೆಲಸದಲ್ಲಿ ನಿಜಕ್ಕೂ ದೊಡ್ಡ ಸಹಾಯ. ಅವುಗಳನ್ನು ಬಳಸದೆ ಹಾರುವುದಕ್ಕಿಂತ ಬಳಸಿ ಹಾರುವುದೇ ಸುರಕ್ಷಿತ. ಆದರೆ ಸೆಟ್ಟಿಂಗ್ ನೋಡಿಕೊಳ್ಳಿ. ನಕ್ಷೆಯ ಗೋಜಲು ಕಡಿಮೆ ಮಾಡಲು ಒಂದು ಎತ್ತರಕ್ಕಿಂತ ಮೇಲಿನ ವಲಯಗಳನ್ನು ಮರೆಮಾಡುವ ಆಯ್ಕೆ ಇದ್ದರೆ, ನೀವು ಏರಬಹುದಾದ ಗರಿಷ್ಠ ಎತ್ತರಕ್ಕಿಂತ 2,000 ಅಡಿ ಮೇಲೆ ಅದನ್ನು ಇಡಿ. ಎಚ್ಚರಿಕೆಯ ಧ್ವನಿ ಹೆಡ್‌ಸೆಟ್‌ನಲ್ಲಿ ಕೇಳುವಂತೆ ಜೋಡಿಸಿ. ಎಂಜಿನ್ ಶಬ್ದದಲ್ಲಿ ಟ್ಯಾಬ್ಲೆಟ್‌ನ ಸ್ಪೀಕರ್ ಕೇಳಿಸುವುದಿಲ್ಲ. ನೇರ ಬಿಸಿಲಿಗೆ ಬಿದ್ದ ಟ್ಯಾಬ್ಲೆಟ್ ಕಾದು ತಾನಾಗಿ ಆಫ್ ಆಗುತ್ತದೆ, ಆದ್ದರಿಂದ ಅದನ್ನು ಗಾಳಿ ಆಡುವ ಕಡೆ ಇಡಿ, ಫೋನಿನಲ್ಲೂ ಅದೇ ರೂಟ್ ಇರಲಿ. ಸೇನಾ ಅಭ್ಯಾಸದ ಹತ್ತಿರ ಜಿಪಿಎಸ್ ಸಿಗ್ನಲ್‌ಗೇ ತಡೆ ಬರಬಹುದು. ಗುರುತು ಹಾಕಿದ ಕಾಗದದ ಚಾರ್ಟ್ ತೊಡೆಯ ಮೇಲೆ ಇರಬೇಕಾದದ್ದು ಇದಕ್ಕೇ.

ಹಾರುತ್ತಿರುವಾಗ

ಪ್ರತಿ 10–15 ನಿಮಿಷಕ್ಕೊಮ್ಮೆ ಫ್ರೆಡಾ ಪರಿಶೀಲನೆ ಮಾಡಿ: ಇಂಧನ, ರೇಡಿಯೊ, ಎಂಜಿನ್, ದಿಕ್ಕು, ಎತ್ತರ. ದಿಕ್ಕಿನ ಹಂತದಲ್ಲಿ ರೆಕ್ಕೆ ಸಮವಾಗಿಟ್ಟು, ವೇಗ ಸ್ಥಿರವಾಗಿದ್ದಾಗ, ಹೆಡಿಂಗ್ ಇಂಡಿಕೇಟರನ್ನು ದಿಕ್ಸೂಚಿಗೆ ಹೊಂದಿಸಿ. ಎತ್ತರದ ಹಂತದಲ್ಲಿ ಹೊಸ ಕ್ಯೂಎನ್‌ಎಚ್ ಕೇಳಿ ಇಡಿ. ವಲಯಕ್ಕೆ 5 ನಿಮಿಷ ದೂರ ಇರುವಾಗ ಇದನ್ನೊಮ್ಮೆ ಹೆಚ್ಚುವರಿಯಾಗಿ ಮಾಡಿ, ಪಕ್ಕದವರಿಗೆ ಸ್ವಲ್ಪ ಹೊತ್ತು ಮಾತಾಡಬೇಡಿ ಎನ್ನಿ. 100 ನಾಟ್ ವೇಗದಲ್ಲಿ 5 ಮೈಲಿ ಎಂದರೆ ಮೂರು ನಿಮಿಷ ಮಾತ್ರ. ಟ್ರಾನ್ಸ್‌ಪಾಂಡರ್ ಆಲ್ಟ್ (ಎತ್ತರವನ್ನೂ ಕಳಿಸುವ) ಸ್ಥಾನದಲ್ಲಿರಲಿ, ಸ್ಟ್ಯಾಂಡ್‌ಬೈಯಲ್ಲಿ ಅಲ್ಲ.

ಹತ್ತಿರದ ಮಾಹಿತಿ ಸೇವೆ ಅಥವಾ ಎಟಿಸಿಯೊಂದಿಗೆ (ವಾಯು ಸಂಚಾರ ನಿಯಂತ್ರಣ) ಮಾತಾಡುತ್ತಾ ಹಾರುವುದು ಎಲ್ಲಕ್ಕಿಂತ ಒಳ್ಳೆಯ ರಕ್ಷಣೆ. ಆದರೆ ಅವರು ಸ್ಕ್ವಾಕ್ ಕೋಡ್ (ಟ್ರಾನ್ಸ್‌ಪಾಂಡರ್‌ನಲ್ಲಿ ಹಾಕುವ ನಾಲ್ಕಂಕಿಯ ಸಂಖ್ಯೆ) ಕೊಟ್ಟರು, 'ರೇಡಾರ್‌ನಲ್ಲಿ ಕಾಣುತ್ತಿದ್ದೀರಿ' ಎಂದರು ಎಂದರೆ ಒಳಗೆ ಹೋಗಲು ಒಪ್ಪಿಗೆ ಸಿಕ್ಕಂತಲ್ಲ. ವಲಯದ ಹೆಸರು ಹೇಳಿ ಸ್ಪಷ್ಟವಾಗಿ ಅನುಮತಿ ಕೊಡಬೇಕು, ನೀವು ಅದನ್ನು ಮರಳಿ ಓದಿ ಹೇಳಬೇಕು. ಬ್ರಿಟನ್‌ನ ಅಪಾಯ ವಲಯಗಳಲ್ಲಿ ಎರಡು ಸೇವೆಗಳಿವೆ: ಒಂದು ವಲಯ ದಾಟಿಸುತ್ತದೆ, ಇನ್ನೊಂದು ವಲಯದಲ್ಲಿ ಚಟುವಟಿಕೆ ಇದೆಯೋ ಇಲ್ಲವೋ ಎಂದಷ್ಟೇ ತಿಳಿಸುತ್ತದೆ. ಉತ್ತರವೇ ಬರಲಿಲ್ಲ ಎಂದರೆ ವಲಯ ಸಕ್ರಿಯವಾಗಿದೆ ಎಂದೇ ತಿಳಿದು ಸುತ್ತಿ ಹೋಗಿ. ಅನುಮತಿ ಕೇಳುವುದಾದರೆ 10 ನಿಮಿಷ ಮೊದಲು ಕೇಳಿ, ಉತ್ತರ ಬರುವವರೆಗೆ ಹೊರಗೇ ವೃತ್ತ ಹಾಕಿ ಕಾಯಿರಿ.

ಒಳಗೆ ಹೋಗಿಬಿಟ್ಟರೆ

ವಿಮಾನವನ್ನು ಸ್ಥಿರವಾಗಿ ಹಾರಿಸುತ್ತಾ, ಹತ್ತಿರದ ಅಂಚಿನ ಕಡೆಗೆ ತಿರುಗಿ. ಯಾವುದು ಹತ್ತಿರ ಎಂದು ಖಚಿತವಿಲ್ಲದಿದ್ದರೆ ಬಂದ ದಾರಿಯಲ್ಲೇ ವಾಪಸಾಗಿ. ಕೆಳಗೆ ಗುಂಡಿನ ಅಭ್ಯಾಸ ಇರಬಹುದಾದ ಕಡೆ ಇಳಿದು ತಪ್ಪಿಸಿಕೊಳ್ಳಲು ಹೋಗಬೇಡಿ. ಮಾತಾಡುತ್ತಿರುವ ಘಟಕಕ್ಕೆ ತಕ್ಷಣ ಹೇಳಿ, ಯಾರೊಂದಿಗೂ ಮಾತಾಡುತ್ತಿರದಿದ್ದರೆ ತುರ್ತು ತರಂಗಾಂತರವಾದ 121.5 ಮೆಗಾಹರ್ಟ್ಸ್‌ಗೆ ಹೋಗಿ. ಟ್ರಾನ್ಸ್‌ಪಾಂಡರ್ ಆಫ್ ಮಾಡುವ ಯೋಚನೆಯೇ ಬೇಡ. ಗುರುತು ಮರೆಸಿಕೊಂಡ ವಿಮಾನವನ್ನು ಯಾರೂ ದಾರಿ ತಪ್ಪಿದ ಪೈಲಟ್ ಎಂದು ನೋಡುವುದಿಲ್ಲ.

2005ರ ಮೇ 11ರಂದು ಇಬ್ಬರಿದ್ದ ಒಂದು ಸೆಸ್ನಾ 150 ವಾಷಿಂಗ್ಟನ್‌ನ ನಿರ್ಬಂಧಿತ ವಾಯುಪ್ರದೇಶಕ್ಕೆ ನುಗ್ಗಿ ಶ್ವೇತಭವನದಿಂದ ಸುಮಾರು 3 ಮೈಲಿಯವರೆಗೆ ಬಂತು. ಶ್ವೇತಭವನವನ್ನೂ ಸಂಸತ್ ಭವನವನ್ನೂ ಖಾಲಿ ಮಾಡಿಸಬೇಕಾಯಿತು, ಫೈಟರ್‌ಗಳು ಮೇಲೆದ್ದವು. ಅಂಥ ಸಂದರ್ಭದ ಸಂಕೇತಗಳನ್ನು ಪ್ರತಿ ಖಾಸಗಿ ಪೈಲಟ್ ಬಾಯಿಪಾಠ ಮಾಡಿರಬೇಕು. ತಡೆಯಲು ಬಂದ ವಿಮಾನ ಸಾಮಾನ್ಯವಾಗಿ ನಿಮ್ಮ ಎಡಕ್ಕೆ, ಸ್ವಲ್ಪ ಮುಂದೆ ಮತ್ತು ಮೇಲೆ ಬಂದು ರೆಕ್ಕೆ ಅಲ್ಲಾಡಿಸಿದರೆ 'ನನ್ನ ಹಿಂದೆ ಬಾ' ಎಂದರ್ಥ. ನೀವೂ ರೆಕ್ಕೆ ಅಲ್ಲಾಡಿಸಿ ಹಿಂಬಾಲಿಸಿ, ರಾತ್ರಿಯಾದರೆ ನ್ಯಾವಿಗೇಶನ್ ದೀಪಗಳನ್ನೂ ಅಡ್ಡಾದಿಡ್ಡಿ ಅಂತರದಲ್ಲಿ ಮಿನುಗಿಸಿ. ಫೈಟರ್ ನಿಮ್ಮ 90 ನಾಟ್‌ಗೆ ನಿಧಾನವಾಗಲಾರದು. ಉದ್ದನೆಯ ಸುತ್ತು ಹಾಕಿ ಮತ್ತೆ ಮತ್ತೆ ಪಕ್ಕದಲ್ಲಿ ಹಾದು, ಪ್ರತಿ ಸಲ ರೆಕ್ಕೆ ಅಲ್ಲಾಡಿಸುತ್ತದೆ. ಗಾಬರಿಯಾಗದೆ ಅದು ತೋರಿಸಿದ ದಿಕ್ಕು ಹಿಡಿಯಿರಿ. ಚಕ್ರ ಇಳಿಸಿ ವಿಮಾನನಿಲ್ದಾಣವೊಂದರ ಸುತ್ತ ತಿರುಗಿದರೆ ಅಲ್ಲಿ ಇಳಿಯಬೇಕು. 90 ಡಿಗ್ರಿ ಅಥವಾ ಹೆಚ್ಚು ತಿರುಗಿ ಥಟ್ಟನೆ ಏರಿ ಹೊರಟುಹೋದರೆ ನೀವು ಮುಂದೆ ಹೋಗಬಹುದು. ಈ ನಡುವೆ 121.5ರಲ್ಲಿ ನಿಮ್ಮ ಕರೆಚಿಹ್ನೆ ಹೇಳಿ, ಎಟಿಸಿ ಬೇರೆ ಕೋಡ್ ಕೊಟ್ಟಿಲ್ಲದಿದ್ದರೆ ತುರ್ತು ಕೋಡ್ 7700 ಹಾಕಿ. ದಾರಿ ತಪ್ಪಿದ್ದರೆ 'ಆಮ್ ಲಾಸ್ಟ್' ಎಂದರೆ ಸಾಕು. ಅದು ಇದಕ್ಕೆಂದೇ ಗೊತ್ತುಮಾಡಿದ ನುಡಿ. ಎಟಿಸಿಯ ಮಾತಿಗೂ ತಡೆದ ವಿಮಾನದ ಸೂಚನೆಗೂ ಹೊಂದಾಣಿಕೆಯಾಗದಿದ್ದರೆ ವಿಮಾನದ ಸೂಚನೆಯನ್ನೇ ಪಾಲಿಸುತ್ತಾ ಸ್ಪಷ್ಟನೆ ಕೇಳಿ.

ಇಳಿದ ಮೇಲೆ ಜಿಪಿಎಸ್ ದಾಖಲೆ, ನೋಟಮ್ ಪ್ರತಿ, ಪ್ಲಾನ್ ಹಾಳೆ ಮೂರನ್ನೂ ಜೋಪಾನ ಮಾಡಿ, ನೆನಪು ಹಸಿಯಾಗಿರುವಾಗಲೇ ನಡೆದದ್ದನ್ನು ವೇಳೆಯ ಸಮೇತ ಬರೆದು ನಿಮ್ಮ ದೇಶದ ವಿಮಾನಯಾನ ಪ್ರಾಧಿಕಾರಕ್ಕೆ ವರದಿ ಕೊಡಿ. ಎಟಿಸಿ ಘಟಕ ಫೋನ್ ಮಾಡಲು ಹೇಳಿದ್ದರೆ ಅದೇ ದಿನ ಮಾಡಿ. ಅಮೆರಿಕದಲ್ಲಿ ಹಾರುವವರು 10 ದಿನಗಳೊಳಗೆ ನಾಸಾ ನಡೆಸುವ ಸುರಕ್ಷತಾ ವರದಿ ವ್ಯವಸ್ಥೆಗೆ ವಿವರ ಕಳಿಸಿದರೆ, ಉದ್ದೇಶಪೂರ್ವಕವಲ್ಲದ ತಪ್ಪಿಗೆ ದಂಡದಿಂದ ರಿಯಾಯಿತಿ ಸಿಗಬಹುದು.